ವರ್ಷಕ್ಕೆ ಎರಡೇ ಸಲ ಊರಿಗೆ ಹೋಗುವ ಕಾರು, 27,800 ರೂಪಾಯಿ ಸರ್ವಿಸ್ ಎಸ್ಟಿಮೇಟ್. ಯಾವುದು ಬೇಕು, ಯಾವುದು ಸುಮ್ನೆ?

ಜೋಳದರೊಟ್ಟಿ_ವಾಕಡ್ (ಸೋಮವಾರ, ರಾತ್ರಿ 9:12)

ಎಲ್ಲರಿಗೂ ನಮಸ್ಕಾರ. ಪುಣೆಗೆ ಬಂದು ಆರು ವರ್ಷ ಆಯಿತು. ಇಷ್ಟು ದಿನ ಇಲ್ಲಿ ಬರೀ ಓದುತ್ತಿದ್ದೆ, ಇವತ್ತು ತಲೆ ಕೆಟ್ಟು ಬರೆಯುತ್ತಿದ್ದೇನೆ.

ನಮ್ಮದು ಸಣ್ಣ ಪೆಟ್ರೋಲ್ ಕಾರು. 2017ರ ಫೆಬ್ರವರಿಯಲ್ಲಿ ಮಾವನವರು ಧಾರವಾಡದಲ್ಲಿ ತಗೊಂಡಿದ್ದು. ಕಣ್ಣಿನ ಆಪರೇಷನ್ ಆದ ಮೇಲೆ ಅವರು ಓಡಿಸುವುದು ಬಿಟ್ಟರು, ಕಾರು ನಮ್ಮ ಪಾಲಿಗೆ ಬಂತು. ಇಷ್ಟು ವರ್ಷದಲ್ಲಿ ಓಡಿರುವುದು ಒಟ್ಟು 31,000 ಕಿ.ಮೀ. ಆಫೀಸಿಗೆ ಕಂಪನಿ ಬಸ್ಸಿದೆ, ತರಕಾರಿಗೆ ಸ್ಕೂಟರ್ ಇದೆ. ಕಾರು ದೂರ ಹೋಗುವುದು ಗಣಪತಿ ಹಬ್ಬಕ್ಕೆ ಒಮ್ಮೆ, ಮೇ ತಿಂಗಳ ರಜೆಗೆ ಒಮ್ಮೆ. ಉಳಿದ ದಿನ ಬೇಸ್‌ಮೆಂಟಿನಲ್ಲಿ ಕವರ್ ಹೊದ್ದು ಮಲಗಿರುತ್ತದೆ.

ಮುಂದಿನ ವಾರ ಹಬ್ಬ. ಶನಿವಾರ ಸ್ಟಾರ್ಟ್ ಮಾಡಲು ಹೋದರೆ ಕಟಕಟ ಅಂತ ಸದ್ದು, ಅಷ್ಟೆ. ವಾಚ್‌ಮನ್ ಪಕ್ಕದವರ ಕಾರಿನಿಂದ ಕೇಬಲ್ ಹಾಕಿ ಚಾಲೂ ಮಾಡಿಕೊಟ್ಟ. ಹಾಗೇ ಸರ್ವಿಸ್ ಸೆಂಟರಿಗೆ ಒಯ್ದೆ. ಅವರ ಎಸ್ಟಿಮೇಟ್ ಇದು: ಇಂಜಿನ್ ಆಯಿಲ್ ಮತ್ತು ಫಿಲ್ಟರ್ 3,900, ಬ್ರೇಕ್ ಆಯಿಲ್ 900, ಕೂಲಂಟ್ (ಇಂಜಿನ್ ತಣ್ಣಗಿಡುವ ದ್ರವ) 1,400, ಇಂಜಿನ್ ಫ್ಲಶ್ (ಒಳಗೆ ತೊಳೆಯುವುದು) 1,200, ಇಂಜೆಕ್ಟರ್ ಕ್ಲೀನಿಂಗ್ 2,600, ಏಸಿ ಕ್ಲೀನಿಂಗ್ 1,700, ಗಾಡಿಯ ಕೆಳಭಾಗಕ್ಕೆ ತುಕ್ಕು ತಡೆಯುವ ಕೋಟಿಂಗ್ 4,800, ವೈಪರ್ 900, ಬ್ಯಾಟರಿ 5,600, ಚಕ್ರದ ಅಲೈನ್‌ಮೆಂಟ್ ಮತ್ತು ಬ್ಯಾಲೆನ್ಸಿಂಗ್ 1,400, ಇಲಿ ಓಡಿಸುವ ಸ್ಪ್ರೇ 1,100, ಲೇಬರ್ 2,300. ಒಟ್ಟು 27,800.

ಕಳೆದ ಸರ್ವಿಸ್ ಆದ ಮೇಲೆ ಓಡಿರುವುದೇ 2,600 ಕಿ.ಮೀ! ಮೂಗಿಗಿಂತ ಮೂಗುತಿ ಭಾರ ಅಲ್ವಾ? ಕೇಳಿದ್ದಕ್ಕೆ ಅಡ್ವೈಸರ್, "ಓಡೋ ಗಾಡಿಗಿಂತ ನಿಂತ ಗಾಡಿ ಜಾಸ್ತಿ ಕೆಡುತ್ತೆ ಮೇಡಂ. ಸಾಹೇಬರನ್ನ ಕಳಿಸಿ, ಅವರಿಗೆ ತಿಳಿಸಿ ಹೇಳ್ತೀನಿ" ಅಂದ. ನಮ್ಮ ಸಾಹೇಬರಿಗೆ ಸ್ಕೂಟರ್ ಬಿಟ್ಟರೆ ಬೇರೆ ಗಾಡಿ ಬರುವುದಿಲ್ಲ.

ಇನ್ನೊಂದು ಮಾತು. ಜುಲೈ ಮಳೆಯಲ್ಲಿ ಒಂದು ರಾತ್ರಿ ನಮ್ಮ ಬೇಸ್‌ಮೆಂಟಿನಲ್ಲಿ ಗೇಣುದ್ದ ನೀರು ನಿಂತಿತ್ತು. ಅದರಿಂದ ಏನಾದರೂ ತೊಂದರೆ ಆಗಿರಬಹುದಾ?

ಡೊಂಬಿವಲಿ_ಡಬ್ಬಾ (ರಾತ್ರಿ 9:20)

ಮಾರಿಬಿಡಿ. 2024ರಿಂದ ಪುಣೆ–ಹುಬ್ಬಳ್ಳಿ ವಂದೇ ಭಾರತ್ ಓಡುತ್ತಿದೆ, ಧಾರವಾಡದಲ್ಲಿ ನಿಲ್ಲುತ್ತದೆ. ಕಾಲು ಚಾಚಿ ಕೂತು ಹೋಗಿ. ಇನ್ಶೂರೆನ್ಸ್, ಪಿಯುಸಿ (ಹೊಗೆ ತಪಾಸಣೆ), ಪಾರ್ಕಿಂಗ್ ಬಾಡಿಗೆ ಎಲ್ಲ ಉಳಿಯುತ್ತದೆ.

ಕೋಥರೂಡ್_ಕಾಕಾ (ರಾತ್ರಿ 9:31)

ಹಬ್ಬದ ವಾರದಲ್ಲಿ ಟಿಕೆಟ್ ನೀ ತೆಗೆಸಿ ಕೊಡ್ತೀಯೇನಪಾ? ಅದೂ ವಾರದಲ್ಲಿ ಮೂರೇ ದಿನ ಓಡುವ ಗಾಡಿ. ಮತ್ತೆ ಬರುವಾಗ ಅತ್ತೆಯವರು ಕಟ್ಟಿಕೊಡುವ ಜೋಳದ ಹಿಟ್ಟು, ಶೇಂಗಾ ಚಟ್ನಿ, ಗುರೆಳ್ಳು ಪುಡಿ, ಕರದಂಟು? ಡಿಕ್ಕಿ ಇರುವುದೇ ಅದಕ್ಕೆ.

ಡೊಂಬಿವಲಿ_ಡಬ್ಬಾ (ರಾತ್ರಿ 9:33)

ಚಟ್ನಿಪುಡಿಗೋಸ್ಕರ ಕಾರು ಸಾಕುವುದಾ ಕಾಕಾ?

ಕೋಥರೂಡ್_ಕಾಕಾ (ರಾತ್ರಿ 9:34)

ಹೌದು.

ಸ್ಪ್ಯಾನರ್_14 (ರಾತ್ರಿ 10:05)

ಹತ್ತು ವರ್ಷ ಇಂಥದೇ ಸರ್ವಿಸ್ ಸೆಂಟರಿನ ಒಳಗೆ ಕೆಲಸ ಮಾಡಿದ್ದೇನೆ. ಈಗ ಆ ಲೈನ್ ಬಿಟ್ಟಿದ್ದೇನೆ, ಅದಕ್ಕೇ ಬಾಯಿ ಬಿಡುತ್ತಿದ್ದೇನೆ. ಅಡ್ವೈಸರ್ ಮೇಲೆ ಸಿಟ್ಟಾಗಬೇಡಿ. ತಿಂಗಳಿಗೆ ಇಷ್ಟು ಕೋಟಿಂಗ್, ಇಷ್ಟು ಫ್ಲಶ್ ಅಂತ ಅವನ ತಲೆ ಮೇಲೆ ಟಾರ್ಗೆಟ್ ಇರುತ್ತದೆ. "ಸಾಹೇಬರನ್ನ ಕಳಿಸಿ" ಅಂದದ್ದಕ್ಕೆ ಮಾತ್ರ ಧಾರಾಳವಾಗಿ ಸಿಟ್ಟಾಗಿ.

ಆದರೆ ನಿಂತ ಗಾಡಿ ಕೆಡುತ್ತದೆ ಅನ್ನುವ ಮಾತು ಅರ್ಧ ನಿಜ. ಕಾರಿಗೆ ಎರಡು ಲೆಕ್ಕ. ಒಂದು ಮೀಟರಿನದು, ಇನ್ನೊಂದು ಕ್ಯಾಲೆಂಡರಿನದು. ಬ್ರೇಕ್ ಪ್ಯಾಡ್, ಕ್ಲಚ್ ಪ್ಲೇಟ್ ಸವೆಯುವುದು ಮೀಟರ್ ಲೆಕ್ಕದಲ್ಲಿ. ಆಯಿಲ್, ಬ್ರೇಕ್ ಆಯಿಲ್, ಕೂಲಂಟ್, ಬ್ಯಾಟರಿ, ರಬ್ಬರ್ ಸಾಮಾನು, ಇವಕ್ಕೆ ನೀವು ಓಡಿಸಿದರೇನು ಬಿಟ್ಟರೇನು, ದಿನ ಕಳೆದ ಹಾಗೆ ವಯಸ್ಸಾಗುತ್ತದೆ. ಸರ್ವಿಸ್ ಪುಸ್ತಕದಲ್ಲಿ "10,000 ಕಿ.ಮೀ. ಅಥವಾ 1 ವರ್ಷ, ಯಾವುದು ಮೊದಲೋ ಅದು" ಅಂತ ಬರೆದಿರುವುದು ಅದಕ್ಕೇ.

ಈಗ ನಿಮ್ಮ ಪಟ್ಟಿ. ಆಯಿಲ್, ಫಿಲ್ಟರ್ ಹಾಕಿಸಿ. ಚಿಕ್ಕ ಚಿಕ್ಕ ಓಟದಲ್ಲಿ ಇಂಜಿನ್ ಸರಿಯಾಗಿ ಕಾಯುವುದೇ ಇಲ್ಲ, ಒಳಗಿನ ತೇವ ಆಯಿಲಿನಲ್ಲೇ ಉಳಿಯುತ್ತದೆ. ಬ್ರೇಕ್ ಆಯಿಲ್ ಖಂಡಿತ ಹಾಕಿಸಿ. ಅದು ಗಾಳಿಯಲ್ಲಿರುವ ನೀರಿನ ಪಸೆ ಹೀರುತ್ತದೆ. ಘಾಟಿಯಲ್ಲಿ ಬ್ರೇಕ್ ಕಾದಾಗ ಆ ನೀರು ಆವಿಯಾಗುತ್ತದೆ, ಪೆಡಲ್ ಒತ್ತಿದರೆ ಸ್ಪಂಜಿನ ಹಾಗೆ ಒಳಗೆ ಹೋಗುತ್ತದೆ, ಗಾಡಿ ನಿಲ್ಲುವುದಿಲ್ಲ. ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ಬದಲಿಸುತ್ತಾರೆ. ಕೂಲಂಟ್ ಒಮ್ಮೆಯೂ ಬದಲಿಸಿಲ್ಲ ಅಂದರೆ ಈಗ ಮಾಡಿಸಿ.

ಫ್ಲಶ್ ಬೇಡ. ಇಂಜೆಕ್ಟರ್ ಕ್ಲೀನಿಂಗ್ ಬೇಡ, ಪಿಕಪ್ ಸತ್ತಿದ್ದರೆ ಅಥವಾ ನಿಂತಲ್ಲೇ ಇಂಜಿನ್ ನಡುಗುತ್ತಿದ್ದರೆ ಮಾತ್ರ ನೋಡೋಣ. ಏಸಿ ಕ್ಲೀನಿಂಗ್ ಬದಲು ಗ್ಲವ್ ಬಾಕ್ಸ್ ಹಿಂದಿನ ಫಿಲ್ಟರನ್ನು ನೀವೇ ಎಳೆದು ನೋಡಿ. ಧೂಳಿದ್ದರೆ ಕೊಡವಿ, ಕಪ್ಪಾಗಿದ್ದರೆ ಹೊಸದು ಹಾಕಿ, ಐದು ನಿಮಿಷದ ಕೆಲಸ. ಕೋಟಿಂಗ್ ದಂಡ. ವೈಪರ್ ಹೊರಗೆ ಅರ್ಧ ಬೆಲೆಗೆ ಸಿಗುತ್ತದೆ.

ಗೇಣುದ್ದ ನೀರಿಗೆ ಇಂಜಿನ್ನಿಗೆ ಏನೂ ಆಗಿರುವುದಿಲ್ಲ. ಚಕ್ರ ಬಿಚ್ಚಿಸಿ ಬ್ರೇಕ್ ಡ್ರಮ್ ಸ್ವಚ್ಛ ಮಾಡಿಸಿ, ಬೇರಿಂಗ್ ಗುಂಯ್ ಅನ್ನುತ್ತದಾ ಕೇಳಿ. ಅಷ್ಟೆ.

ವಾಸ್ಕೋ_ವಿಜಯಪುರ (ರಾತ್ರಿ 10:22)

ಕೋಟಿಂಗ್ ದಂಡ ಅಂದವರನ್ನ ಒಂದು ವರ್ಷ ವಾಸ್ಕೋಗೆ ಕಳಿಸಬೇಕು. ಸಮುದ್ರದ ಉಪ್ಪುಗಾಳಿ, ಮೇಲೆ ಬಂದರಿನ ಕಲ್ಲಿದ್ದಲ ಧೂಳು. ಬೆಳಗ್ಗೆ ಒರೆಸಿದ ಕಾರು ಸಂಜೆಗೆ ಕಪ್ಪು. ನನ್ನ ಹಳೇ ಗಾಡಿಯ ಸೈಲೆನ್ಸರ್ ನಾಲ್ಕೇ ವರ್ಷಕ್ಕೆ ಹಪ್ಪಳ ಆಯಿತು. ಬಾಗಿಲ ಕೆಳಗಿನ ಪಟ್ಟಿಯಲ್ಲಿ ಬೆರಳು ಹೋಗುವಷ್ಟು ತೂತು.

ಸ್ಪ್ಯಾನರ್_14 (ರಾತ್ರಿ 10:26)

ಸರ್, ಗೋವಾಕ್ಕೆ, ಕೊಂಕಣಕ್ಕೆ, ಮುಂಬೈ ಕಡಲ ಬದಿಗೆ ನಿಮ್ಮ ಮಾತು ಸರಿ. ಅವರು ಪುಣೆಯ ವಾಕಡ್‌ನಲ್ಲಿದ್ದಾರೆ. ಅಲ್ಲಿ ಉಪ್ಪು ಇರುವುದು ಉಪ್ಪಿನಕಾಯಿಯಲ್ಲಿ ಮಾತ್ರ. ಅಂದಹಾಗೆ ಬರೀ ಕೋಟಿಂಗ್ ಸಾಲದು. ವಾರಕ್ಕೊಮ್ಮೆ ಕೆಳಗೆ ಸಿಹಿನೀರು ಜೋರಾಗಿ ಹೊಡೆಯಿರಿ. ಬಾಗಿಲ ಅಡಿಯಲ್ಲಿ ನೀರು ಇಳಿಯುವ ಸಣ್ಣ ಕಿಂಡಿಗಳಿರುತ್ತವೆ, ಅವು ಮಣ್ಣಿನಿಂದ ಮುಚ್ಚಿದ್ದರೆ ಒಳಗಿನಿಂದಲೇ ತುಕ್ಕು ಶುರು. ನಿಮ್ಮ ಬೆರಳು ಹೋದ ತೂತು ಹಾಗೇ ಆಗಿದ್ದು ಅಂತ ನನ್ನ ಅಂದಾಜು.

ವಾಸ್ಕೋ_ವಿಜಯಪುರ (ರಾತ್ರಿ 10:31)

ಈ ಕಿಂಡಿ ವಿಷಯ ಯಾರೂ ಹೇಳಿರಲಿಲ್ಲ ನೋಡಿ. ಬೆಳಗ್ಗೆನೇ ನೋಡ್ತೀನಿ.

ಇಲಿಬೋನು (ರಾತ್ರಿ 10:40)

1,100 ರೂಪಾಯಿ ಇಲಿ ಸ್ಪ್ರೇ! ಇಲಿಗೆ ಹಾರ ಹಾಕಿ ಕಳಿಸಿಕೊಡುತ್ತಾರಾ?

ಕೋಥರೂಡ್_ಕಾಕಾ (ರಾತ್ರಿ 10:52)

ಇಲಿ ವಿಷಯ ನಗಬೇಡಿ. ಎರಡು ವರ್ಷದ ಹಿಂದೆ ನನ್ನ ಗಾಡಿಯ ವೈರಿಂಗ್ ಕಡಿದು 14,000 ಖರ್ಚು ಹಚ್ಚಿದವು. ಅವತ್ತಿನಿಂದ ಊರಿಗೆ ಹೋಗುವಾಗ ನಿಪ್ಪಾಣಿಯಲ್ಲಿ ಇಳಿದು ತಂಬಾಕಿನ ಎಲೆ ತರುತ್ತೇನೆ. ಬಟ್ಟೆಯಲ್ಲಿ ಗಂಟು ಕಟ್ಟಿ ಬಾನೆಟ್ ಒಳಗೆ ಇಂಜಿನ್ ಕಾಯದ ಕಡೆ ಎರಡು ಮೂಲೆಗೆ ಇಡುವುದು. ಎರಡು ತಿಂಗಳಿಗೊಮ್ಮೆ ಹೊಸ ಗಂಟು. ಆಮೇಲೆ ಒಂದು ಇಲಿ ಬಂದಿಲ್ಲ.

ಠಾಣೆ_ಹೋಟೆಲ್‌ಹುಡುಗ (ರಾತ್ರಿ 10:58)

ನಮ್ಮ ಇಲಿಗಳು ಆ ತಂಬಾಕನ್ನೇ ತಿಂದವು ಮಾರಾಯ್ರೆ. ಠಾಣೆಯ ಇಲಿ ಅಂದ್ರೆ ಅಂಥದ್ದಲ್ಲ. ಕೊನೆಗೆ ಏಸಿ ಗಾಳಿ ಒಳಗೆ ಬರುವ ಬಾಯಿಗೆ ತಂತಿ ಜಾಲರಿ ಹಾಕಿಸಿದೆ, ಈಗ ಕಿರಿಕಿರಿ ಇಲ್ಲ. ಮತ್ತೆ ಮುಖ್ಯ ಮಾತು: ಕಾರಿನೊಳಗೆ ಬಿಸ್ಕೆಟ್ ಚೂರು, ಚಿಪ್ಸ್ ಬಿಡಬೇಡಿ. ಮಕ್ಕಳ ಸೀಟಿನ ಸಂದಿಯಲ್ಲಿ ಒಂದು ಹೋಟೆಲ್ಲೇ ಇರ್ತದೆ. ವಾಸನೆ ಹಿಡಿದು ಬರ್ತವೆ.

ಪಿಂಪಳೆ_ಪ್ರಯಾಣಿಕ (ಮಂಗಳವಾರ, ಬೆಳಗ್ಗೆ 7:48)

ಸರ್, ದಿನಾ ಬೆಳಗ್ಗೆ ಐದು ನಿಮಿಷ ಸ್ಟಾರ್ಟ್ ಮಾಡಿ ನಿಲ್ಲಿಸಿ ಸಾಕು. ಬ್ಯಾಟರಿ ತಾನೇ ಚಾರ್ಜ್ ಆಗುತ್ತದೆ. 5,600 ಉಳೀತು.

ಜೋಳದರೊಟ್ಟಿ_ವಾಕಡ್ (ಬೆಳಗ್ಗೆ 8:02)

ಸರ್ ಅಲ್ಲ, ಮೇಡಂ. ಸರ್ವಿಸ್ ಸೆಂಟರಿನಲ್ಲಿ ಕೆಲಸ ಸಿಗಬಹುದು ನಿಮಗೆ 😄

ಸ್ಪ್ಯಾನರ್_14 (ಬೆಳಗ್ಗೆ 8:15)

ಐದು ನಿಮಿಷದ ಉಪದೇಶ ಎಲ್ಲ ಸೊಸೈಟಿಯಲ್ಲೂ ಇದೆ, ಎಲ್ಲ ಕಡೆಯೂ ತಪ್ಪು. ಒಮ್ಮೆ ಸೆಲ್ಫ್ ಹೊಡೆದರೆ ಬ್ಯಾಟರಿಯಿಂದ ಒಂದಷ್ಟು ಹೋಗುತ್ತದೆ. ನಿಂತಲ್ಲೇ ಐದು ನಿಮಿಷ ಇಂಜಿನ್ ಓಡಿದರೆ ಅಷ್ಟು ವಾಪಸ್ ತುಂಬಿತು ಅನ್ನುವ ಖಾತ್ರಿಯಿಲ್ಲ. ಇಂಜಿನ್ನೂ ಕಾಯುವುದಿಲ್ಲ, ಆಯಿಲಿನಲ್ಲಿ ತೇವ ಸೇರುತ್ತದೆ. ಎಲ್ಲ ಕಡೆಯಿಂದ ನಷ್ಟ. ವಾರಕ್ಕೊಮ್ಮೆ ಅರ್ಧ ಗಂಟೆ ರಸ್ತೆಯಲ್ಲಿ ಓಡಿಸಿ. ಹಾಗೆ ಮಾಡಿದರೆ ಟೈರಿನ ಮೇಲೂ ಒಂದೇ ಜಾಗದಲ್ಲಿ ಭಾರ ಬೀಳುವುದಿಲ್ಲ, ಹಿಡಿದುಕೊಂಡ ಬ್ರೇಕೂ ಬಿಡಿಸಿಕೊಳ್ಳುತ್ತದೆ, ಏಸಿಯೂ ಓಡುತ್ತದೆ.

ಅದಾಗದಿದ್ದರೆ ಬ್ಯಾಟರಿಯ ಮೈನಸ್ ಟರ್ಮಿನಲ್ ಕಳಚಿಡಿ. ಗಡಿಯಾರ, ರೇಡಿಯೋ ಸೆಟ್ಟಿಂಗ್ ಹೋಗುತ್ತದೆ, ಹೋಗಲಿ.

ಮೇಡಂ, ಬ್ಯಾಟರಿ ಯಾವಾಗ ಹಾಕಿಸಿದ್ದು? ಮಲ್ಟಿಮೀಟರ್ ಇರುವ ಯಾರಾದರೂ ಸಿಕ್ಕರೆ ರಾತ್ರಿಯಿಡೀ ನಿಂತ ಗಾಡಿಯಲ್ಲಿ ಅಳೆಸಿ. ಸುಮಾರು 12.6 ವೋಲ್ಟ್ ಇದ್ದರೆ ತುಂಬಿದೆ, 12.2ಕ್ಕಿಂತ ಕೆಳಗಿದ್ದರೆ ಅರ್ಧ ಖಾಲಿ. ಇಂಜಿನ್ ಚಾಲೂ ಇದ್ದಾಗ 13.5ರಿಂದ 14.5ರ ನಡುವೆ ಬರಬೇಕು. ಅದು ಬರದಿದ್ದರೆ ತಪ್ಪು ಬ್ಯಾಟರಿಯದಲ್ಲ, ಅದನ್ನು ಚಾರ್ಜ್ ಮಾಡುವ ಆಲ್ಟರ್ನೇಟರಿನದು. ಹೊಸ ಬ್ಯಾಟರಿ ಹಾಕಿದರೂ ಅದೇ ಕತೆ.

ಜೋಳದರೊಟ್ಟಿ_ವಾಕಡ್ (ಬೆಳಗ್ಗೆ 8:30)

2021ರಲ್ಲಿ ಹಾಕಿಸಿದ್ದು. ಅಳೆಸುತ್ತೇನೆ. ವಾಚ್‌ಮನ್ ಕೇಬಲ್ ಹಾಕುವಾಗ ನಾನು ದೂರ ನಿಂತಿದ್ದೆ, ಕಿಡಿ ಹಾರಿತು. ಅದು ಸರೀನಾ?

ಸ್ಪ್ಯಾನರ್_14 (ಬೆಳಗ್ಗೆ 8:41)

ಸಣ್ಣ ಕಿಡಿ ಬರಬಹುದು, ಆದರೆ ಬ್ಯಾಟರಿಯ ಹತ್ತಿರ ಬರಬಾರದು. ಮೊದಲು ಕೆಂಪು ಕೇಬಲ್ ಸತ್ತ ಬ್ಯಾಟರಿಯ ಪ್ಲಸ್‌ಗೆ, ಇನ್ನೊಂದು ತುದಿ ಒಳ್ಳೆಯ ಬ್ಯಾಟರಿಯ ಪ್ಲಸ್‌ಗೆ. ಆಮೇಲೆ ಕಪ್ಪು ಕೇಬಲ್ ಒಳ್ಳೆಯ ಬ್ಯಾಟರಿಯ ಮೈನಸ್‌ಗೆ, ಕೊನೆಯ ತುದಿ ಸತ್ತ ಗಾಡಿಯ ಇಂಜಿನ್ನಿನ ಬೋಳು ಲೋಹಕ್ಕೆ, ಬ್ಯಾಟರಿಯಿಂದ ದೂರ. ತೆಗೆಯುವಾಗ ಉಲ್ಟಾ ಕ್ರಮ.

ಮಾಟುಂಗಾ_ಮಾವ (ಬೆಳಗ್ಗೆ 9:10)

ನೀರಿನ ಮಾತು ಬಂದದ್ದಕ್ಕೆ ಬರೆಯುತ್ತಿದ್ದೇನೆ. 2005ರ ಜುಲೈ 26. ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿ.ಮೀ. ಮಳೆ. ನಾನು ಕುರ್ಲಾ ಕಡೆಯಿಂದ ಮನೆಗೆ ಬರುತ್ತಿದ್ದೆ. ಸಯನ್ ಹತ್ತಿರ ನೀರು ಬಂಪರಿಗೆ ಬಂತು, ಇಂಜಿನ್ ನಿಂತಿತು. ಗಾಬರಿಯಲ್ಲಿ ಮೂರು ಸಲ ಸೆಲ್ಫ್ ಹೊಡೆದೆ. ಮೂರನೇ ಸಲ ಒಳಗಿನಿಂದ ಟಣ್ ಅಂತ ಒಂದು ಸದ್ದು ಬಂತು, ಆಮೇಲೆ ಏನೂ ಇಲ್ಲ. ಕಾರು ಅಲ್ಲೇ ಬಿಟ್ಟು ಎದೆಮಟ್ಟ ನೀರಿನಲ್ಲಿ ಮಾಟುಂಗಾ ತನಕ ನಡೆದೆ. ದಾರಿಯಲ್ಲಿ ನಮ್ಮವರದೇ ಒಂದು ಹೋಟೆಲಿನಲ್ಲಿ ರಾತ್ರಿ ಇಡೀ ಬಂದವರಿಗೆಲ್ಲ ಚಹಾ, ಉಪ್ಪಿಟ್ಟು ಕೊಡುತ್ತಿದ್ದರು, ದುಡ್ಡು ಕೇಳಲಿಲ್ಲ. ಅದು ಬೇರೆ ಕತೆ.

ಮೆಕ್ಯಾನಿಕ್ ಆಮೇಲೆ ಬಿಚ್ಚಿ ತೋರಿಸಿದ. ಇಂಜಿನ್ ಒಳಗೆ ನೀರು ಹೋಗಿ, ಪಿಸ್ಟನ್ ತಳ್ಳುವ ಕನೆಕ್ಟಿಂಗ್ ರಾಡ್ ಬಗ್ಗಿತ್ತು. ಗಾಳಿಯನ್ನು ಒತ್ತಬಹುದು, ನೀರನ್ನು ಒತ್ತಲಾಗುವುದಿಲ್ಲ, ರಾಡ್ ಬಗ್ಗದೆ ಇನ್ನೇನು ಮಾಡೀತು? ನೀರಿನಲ್ಲಿ ಗಾಡಿ ನಿಂತರೆ ಸೆಲ್ಫ್ ಮುಟ್ಟಬೇಡಿ. ತಳ್ಳಿ ಹೊರಗೆ ತನ್ನಿ, ಟೋ ಮಾಡಿಸಿ. ಆ ಕ್ಲೇಮಿನಲ್ಲಿ ನನಗೆ ಇಂಜಿನ್ನಿನ ದುಡ್ಡು ಸಿಗಲಿಲ್ಲ, ನಿಂತ ಮೇಲೆ ಸ್ಟಾರ್ಟ್ ಮಾಡಿದ್ದು ನಿಮ್ಮ ತಪ್ಪು ಅಂದರು. ಈಗ ಇಂಜಿನ್ ಪ್ರೊಟೆಕ್ಷನ್ ಅಂತ ಬೇರೆ ಕವರ್ ಸಿಗುತ್ತದೆ. ಮುಂಬೈಯಲ್ಲಿ ಕಾರಿದ್ದವರು ಅದನ್ನು ಬಿಡಬಾರದು. ಬೇಸ್‌ಮೆಂಟಿನಲ್ಲಿ ನೀರು ನಿಲ್ಲುವ ಪುಣೆಯವರೂ.

ನೆರೂಳ್_ಡೀಸೆಲ್ (ಬೆಳಗ್ಗೆ 9:44)

ಕಡಿಮೆ ಓಡಿಸುವವರು ಡೀಸೆಲ್ ಮಾತ್ರ ತಗೋಬೇಡಿ ಅಂತ ನಾನೊಂದು ಸೇರಿಸುತ್ತೇನೆ. ನನ್ನದು ಬಿಎಸ್6, ಅಂದರೆ ಹೊಗೆಯ ಹೊಸ ನಿಯಮದ ಗಾಡಿ. ಮನೆಯಿಂದ ಆಫೀಸು ನಾಲ್ಕು ಕಿ.ಮೀ., ಸಿಗ್ನಲ್ ಒಂಬತ್ತು. ಸೈಲೆನ್ಸರ್ ಲೈನಿನಲ್ಲಿ ಮಸಿ ಹಿಡಿಯುವ ಡಿಪಿಎಫ್ ಫಿಲ್ಟರ್ ಇರುತ್ತದೆ. ಆ ಮಸಿ ಸುಟ್ಟು ಹೋಗಬೇಕಾದರೆ ಹೊಗೆ ಚೆನ್ನಾಗಿ ಕಾಯಬೇಕು, ನನ್ನ ಓಟದಲ್ಲಿ ಅದು ಕಾಯುವುದೇ ಇಲ್ಲ. ಆರು ತಿಂಗಳಿಗೆ ಹಳದಿ ದೀಪ ಹತ್ತಿತು. ಈಗ ಭಾನುವಾರ ಬೆಳಗ್ಗೆ ಸುಮ್ನೆ ಪನ್ವೇಲ್ ಕಡೆ ಒಂದೇ ವೇಗದಲ್ಲಿ ಹೋಗಿ ಬರುತ್ತೇನೆ. ಹೆಂಡತಿ ಅದಕ್ಕೆ "ಕಾರಿನ ವಾಕಿಂಗ್" ಅಂತ ಹೆಸರಿಟ್ಟಿದ್ದಾಳೆ.

ಠಾಣೆ_ಹೋಟೆಲ್‌ಹುಡುಗ (ಬೆಳಗ್ಗೆ 10:03)

ಸಿಎನ್‌ಜಿ ಹಾಕ್ಸಿ ಮಾರಾಯ್ರೆ, ಮಸಿಯೂ ಇಲ್ಲ ಗಿಸಿಯೂ ಇಲ್ಲ. ನಾನು ದಿನಾ 60 ಕಿ.ಮೀ. ಓಡಿಸ್ತೇನೆ.

ಕೋಥರೂಡ್_ಕಾಕಾ (ಬೆಳಗ್ಗೆ 10:10)

ಡಿಕ್ಕಿಯಲ್ಲಿ ಸಿಲಿಂಡರ್ ಕೂತರೆ ಜೋಳದ ಹಿಟ್ಟು ಎಲ್ಲಿ ಇಡುವುದು? ಮೂರು ವರ್ಷಕ್ಕೊಮ್ಮೆ ಸಿಲಿಂಡರಿನ ಹೈಡ್ರೋ ಟೆಸ್ಟ್ ಬೇರೆ. ಅವರಿಗೆ ಬೇಡ.

ಪಿಂಪಳೆ_ಪ್ರಯಾಣಿಕ (ಬೆಳಗ್ಗೆ 10:25)

ಸಾರಿ ಮೇಡಂ, ಪೂರ್ತಿ ಓದಿರಲಿಲ್ಲ. ಹಾಗಾದರೆ ನಿಂತ ಪೆಟ್ರೋಲ್? ಈಗ ಸಿಗುವುದೆಲ್ಲ ಇ20, ಅಂದರೆ ಶೇ. 20 ಎಥನಾಲ್ ಬೆರೆಸಿದ್ದು. 2017ರ ಇಂಜಿನ್ ಉಳಿಯುತ್ತದಾ? ನನ್ನ ಸ್ನೇಹಿತನ ಮೈಲೇಜ್ ಪಾತಾಳಕ್ಕೆ ಹೋಯಿತು.

ನೆರೂಳ್_ಡೀಸೆಲ್ (ಬೆಳಗ್ಗೆ 10:27)

ಎಲ್ಲ ಸುಳ್ಳು ಪ್ರಚಾರ.

ಪಿಂಪಳೆ_ಪ್ರಯಾಣಿಕ (ಬೆಳಗ್ಗೆ 10:28)

ಡೀಸೆಲ್ ಹಾಕುವವರಿಗೆ ಏನು ಗೊತ್ತು ಪೆಟ್ರೋಲಿನ ನೋವು?

ನಿರ್ವಾಹಕ (ಬೆಳಗ್ಗೆ 11:00)

ಇ20 ಜಗಳಕ್ಕೆ ಬೇರೆ ಎಳೆ ಇದೆ, ದಯವಿಟ್ಟು ಅಲ್ಲಿ ಹೊಡೆದಾಡಿ. ಇಲ್ಲಿನ ಹದಿನೇಳು ಉತ್ತರ ತೆಗೆದಿದ್ದೇನೆ.

ಸ್ಪ್ಯಾನರ್_14 (ಬೆಳಗ್ಗೆ 11:20)

ಜಗಳ ಇಲ್ಲದ ಒಂದು ಮಾತು ಮಾತ್ರ: ಎಥನಾಲ್ ನೀರಿನ ಪಸೆ ಹೀರುತ್ತದೆ. ಹಾಗಾಗಿ ತಿಂಗಳುಗಟ್ಟಲೆ ನಿಲ್ಲಿಸುವ ಗಾಡಿಯಲ್ಲಿ ಹಳೇ ಪೆಟ್ರೋಲ್ ಇಡಬೇಡಿ. ಊರಿಗೆ ಹೊರಡುವ ಮುಂಚೆ ಹೊಸದು ತುಂಬಿಸಿ.

ಇಲಿಬೋನು (ಮಧ್ಯಾಹ್ನ 1:15)

ಎರಡು ದಿನದಿಂದ ಬ್ಯಾಟರಿ, ಇಲಿ, ಚಟ್ನಿಪುಡಿ ಎಲ್ಲ ಆಯಿತು. ಟೈರ್ ಎಷ್ಟು ವರ್ಷದ್ದು ಅಂತ ಒಬ್ಬರೂ ಕೇಳಲಿಲ್ಲವಲ್ಲ?

ಜೋಳದರೊಟ್ಟಿ_ವಾಕಡ್ (ಮಧ್ಯಾಹ್ನ 1:40)

ಟೈರ್ ಹೊಸದರ ಹಾಗೇ ಇದೆ. ಮೇಲಿನ ಗೀರು (ಗ್ರಿಪ್) ಆಳವಾಗಿದೆ. ಸರ್ವಿಸ್‌ನವರೂ "ಟೈರ್ ಓಕೆ" ಅಂತ ಟಿಕ್ ಹಾಕಿದ್ದಾರೆ.

ಸ್ಪ್ಯಾನರ್_14 (ಮಧ್ಯಾಹ್ನ 1:52)

ಇಲಿಬೋನು ಅವರಿಗೆ ಒಂದು ಹಾರ. ನಾನೇ ಕೇಳಬೇಕಿತ್ತು, ಮರೆತೆ. ಮೇಡಂ, ಟೈರಿನ ಪಕ್ಕದಲ್ಲಿ ಮೊಟ್ಟೆಯಾಕಾರದ ಚೌಕಟ್ಟಿನೊಳಗೆ ನಾಲ್ಕು ಅಂಕಿ ಇರುತ್ತದೆ. ಮೊದಲ ಎರಡು ವಾರ, ಕೊನೆಯ ಎರಡು ವರ್ಷ. ಕಾಣದಿದ್ದರೆ ಆ ಕಡೆ, ಚಕ್ರದ ಒಳಬದಿಗೆ ಇರುತ್ತದೆ, ಮೊಬೈಲ್ ತೂರಿಸಿ ಫೋಟೋ ತೆಗೆಯಿರಿ.

ಜೋಳದರೊಟ್ಟಿ_ವಾಕಡ್ (ಸಂಜೆ 6:35)

ನಾಲ್ಕರ ಮೇಲೂ 4216. ಟಾರ್ಚ್ ಹಾಕಿ ನೋಡಿದರೆ ಪಕ್ಕದ ಗೋಡೆಯಲ್ಲಿ ಕೂದಲಿನ ಹಾಗೆ ಸೀಳು. ಒಂದೆರಡಲ್ಲ, ಸುತ್ತಲೂ.

ಸ್ಪ್ಯಾನರ್_14 (ಸಂಜೆ 6:41)

2016ರ 42ನೇ ವಾರ. ಹತ್ತಿರ ಹತ್ತಿರ ಒಂಬತ್ತು ವರ್ಷ. ಗೀರಿನ ಆಳ 1.6 ಮಿ.ಮೀ.ಗಿಂತ ಕಡಿಮೆ ಆದರೆ ಬದಲಿಸಬೇಕು ಅನ್ನುವುದು ಮೀಟರ್ ಲೆಕ್ಕ, ನಿಮ್ಮದು ಅದರಲ್ಲಿ ಪಾಸು. ಕ್ಯಾಲೆಂಡರ್ ಲೆಕ್ಕದಲ್ಲಿ ಫೇಲು. ಐದು ವರ್ಷ ಆದ ಮೇಲೆ ಪ್ರತಿ ವರ್ಷ ಟೈರ್ ಪರೀಕ್ಷೆ ಮಾಡಿಸಿ, ಹತ್ತಾದರೆ ಎಷ್ಟೇ ಚೆನ್ನಾಗಿ ಕಂಡರೂ ತೆಗೆಯಿರಿ ಅಂತ ಟೈರ್ ಕಂಪನಿಗಳೇ ಹೇಳುತ್ತವೆ. ಸೀಳು ಬಿಟ್ಟ ಟೈರಿಗೆ ಹತ್ತರವರೆಗೆ ಕಾಯುವ ಮಾತೇ ಇಲ್ಲ.

ಕೋಥರೂಡ್_ಕಾಕಾ (ಸಂಜೆ 7:20)

ತಂಗಿ, ಈ ಟೈರಿನಲ್ಲಿ ಹೊರಡಬೇಡ. 2019ರಲ್ಲಿ ಕರಾಡ್ ದಾಟಿ ನನ್ನ ಗಾಡಿಯ ಹಿಂದಿನ ಎಡ ಟೈರ್ ಒಡೆಯಿತು. ನಾನೂ ಹೀಗೇ "ಗೀರು ಚೆನ್ನಾಗಿದೆ" ಅಂತ ಬೀಗುತ್ತಿದ್ದವನೇ. ಒಳಗೆ ಐದು ಜನ, ಡಿಕ್ಕಿ ತುಂಬ ಸಾಮಾನು, ಮೇ ತಿಂಗಳ ಬಿಸಿಲು, ಗಾಳಿ ಕಡಿಮೆ. ಗಾಡಿ ಹಾವಿನ ಹಾಗೆ ಹೊಯ್ದಾಡಿತು. ಬ್ರೇಕ್ ಒತ್ತಲಿಲ್ಲ, ಸ್ಟೇರಿಂಗ್ ಗಟ್ಟಿ ಹಿಡಿದು ಆಕ್ಸಿಲೇಟರ್ ಮೆಲ್ಲಗೆ ಬಿಟ್ಟೆ, ಬದಿಗೆ ಬಂದು ನಿಂತಿತು. ಹಿಂದೆ ಲಾರಿ ಇದ್ದಿದ್ದರೆ ಇವತ್ತು ನಿಮಗೆ ತಂಬಾಕಿನ ಗಂಟು ಹೇಳಿಕೊಡಲು ನಾನಿರುತ್ತಿರಲಿಲ್ಲ.

ಗಾಳಿ ಬೆಳಗ್ಗೆ ಟೈರ್ ತಣ್ಣಗಿದ್ದಾಗಲೇ ಹಾಕಿಸು. ತುಂಬಿದ ಗಾಡಿಗೆ ಎಷ್ಟು ಬೇಕು ಅಂತ ಡ್ರೈವರ್ ಬಾಗಿಲ ಹತ್ತಿರ ಸ್ಟಿಕ್ಕರ್ ಇರುತ್ತದೆ. ಪಂಕ್ಚರ್ ಅಂಗಡಿಯವನು ಎಲ್ಲ ಗಾಡಿಗೂ 35 ಹೊಡೆಯುತ್ತಾನೆ, ಅವನ ಮಾತು ಕೇಳಬೇಡ.

ಠಾಣೆ_ಹೋಟೆಲ್‌ಹುಡುಗ (ರಾತ್ರಿ 8:05)

ಇನ್ನೊಂದು ಮಾತು ಕೇಳ್ಬೇಕಿತ್ತು. ಗಾಡಿ ಧಾರವಾಡದ ನಂಬರ್, ಕೆಎ 25 ಅಲ್ವಾ? ಆರು ವರ್ಷದಿಂದ ಪುಣೆಯಲ್ಲಿ? ಹಿಡೀಲಿಲ್ವಾ ಯಾರೂ?

ಜೋಳದರೊಟ್ಟಿ_ವಾಕಡ್ (ರಾತ್ರಿ 8:12)

ಕಾರು ಬಂದು ಮೂರು ವರ್ಷ. ಆರ್‌ಸಿ ಇನ್ನೂ ಮಾವನವರ ಹೆಸರಿನಲ್ಲೇ ಇದೆ. ಹೆಸರು ಬದಲಿಸುವ ಮಾತೆತ್ತಿದರೆ ಅವರು ಸಣ್ಣ ಮುಖ ಮಾಡುತ್ತಾರೆ. ಹಿಂಜವಡಿ ಸಿಗ್ನಲ್‌ನಲ್ಲಿ ಎರಡು ಸಲ ನಿಲ್ಲಿಸಿದ್ದರು, "ಮಾವ ಊರಿಂದ ಬಂದಿದ್ದಾರೆ" ಅಂದೆ.

ಡೊಂಬಿವಲಿ_ಡಬ್ಬಾ (ರಾತ್ರಿ 8:20)

ಮೂರು ವರ್ಷದಿಂದ ಬಂದು ಕೂತ ಮಾವ 😂

ಮಾಟುಂಗಾ_ಮಾವ (ರಾತ್ರಿ 8:44)

1988ರ ಮೋಟಾರು ವಾಹನ ಕಾಯ್ದೆಯ 47ನೇ ಕಲಂ ಪ್ರಕಾರ ಬೇರೆ ರಾಜ್ಯದಲ್ಲಿ 12 ತಿಂಗಳಿಗಿಂತ ಜಾಸ್ತಿ ಇಟ್ಟರೆ ಅಲ್ಲಿನ ನಂಬರ್ ತಗೋಬೇಕು. ಧಾರವಾಡ ಆರ್‌ಟಿಒದಿಂದ ಫಾರ್ಮ್ 28ರಲ್ಲಿ ಎನ್‌ಒಸಿ (ಅಭ್ಯಂತರವಿಲ್ಲ ಅನ್ನುವ ಪತ್ರ), ಇಲ್ಲಿ ಫಾರ್ಮ್ 27, ಮಹಾರಾಷ್ಟ್ರದ ತೆರಿಗೆ. ಆಮೇಲೆ ಕರ್ನಾಟಕದಲ್ಲಿ ಕಟ್ಟಿದ್ದ ತೆರಿಗೆಯಲ್ಲಿ ಉಳಿದ ಭಾಗ ವಾಪಸ್ ಕೇಳಬಹುದು. ಅದಕ್ಕೆ ಓಡಾಡುವ ತಾಳ್ಮೆ ಬೇಕು. ಊರಿಗೆ ಹೋಗುತ್ತಿದ್ದೀರಲ್ಲ, ಹಬ್ಬದ ಮರುದಿನ ಮಾವನವರನ್ನ ಕರೆದುಕೊಂಡು ಆರ್‌ಟಿಒಗೆ ಒಮ್ಮೆ ಹೋಗಿ ಬನ್ನಿ. ಹೊಸ ಕಾರು ತಗೊಳ್ಳುವವರಲ್ಲಿ ವರ್ಗಾವಣೆ ನೌಕರಿಯವರಿಗೆ 2021ರಿಂದ ಬಿಎಚ್ ಸೀರೀಸ್ ನಂಬರ್ ಇದೆ, ರಾಜ್ಯ ಬದಲಾದರೂ ಅದೇ ನಡೆಯುತ್ತದೆ.

ಕೋಥರೂಡ್_ಕಾಕಾ (ರಾತ್ರಿ 9:02)

ಪಿಯುಸಿಯೂ ನೋಡಿಕೋ ತಂಗಿ. ಆರು ತಿಂಗಳಿಗೊಮ್ಮೆ.

ಸ್ಪ್ಯಾನರ್_14 (ರಾತ್ರಿ 9:06)

2017ರ ಗಾಡಿ ಬಿಎಸ್4 ಕಾಕಾ, ಅದಕ್ಕೆ ವರ್ಷಕ್ಕೊಮ್ಮೆ. ಆರು ತಿಂಗಳು ಅದಕ್ಕಿಂತ ಹಳೇ ಗಾಡಿಗಳಿಗೆ.

ನೆರೂಳ್_ಡೀಸೆಲ್ (ರಾತ್ರಿ 9:30)

ಫಾಸ್ಟ್‌ಟ್ಯಾಗ್ ವಾರ್ಷಿಕ ಪಾಸ್ ತಗೊಳ್ಳಿ, 2025ರ ಆಗಸ್ಟ್ 15ರಿಂದ ಶುರುವಾಗಿದೆ. ಶುರುವಾದಾಗ 3,000 ರೂಪಾಯಿಗೆ 200 ಟ್ರಿಪ್ ಇತ್ತು.

ಡೊಂಬಿವಲಿ_ಡಬ್ಬಾ (ರಾತ್ರಿ 9:47)

ಲೆಕ್ಕ ಹಾಕಿ ಹೇಳಿ ಸ್ವಾಮಿ. ಖೇಡ್ ಶಿವಾಪುರ, ಆನೆವಾಡಿ, ತಾಸವಡೆ, ಕಿಣಿ, ಕೊಗನೊಳ್ಳಿ, ಹತ್ತರಗಿ, ಹಿರೇಬಾಗೇವಾಡಿ. ಹೋಗುವಾಗ ಏಳು, ಬರುವಾಗ ಏಳು. ವರ್ಷಕ್ಕೆ ಎರಡು ಸಲ ಅಂದರೆ 28. ಆ 3,000ದ ಲೆಕ್ಕದಲ್ಲಿ ಒಂದು ಟೋಲಿಗೆ ಸರಾಸರಿ 107 ರೂಪಾಯಿಗಿಂತ ಜಾಸ್ತಿ ಕಟ್ಟುತ್ತಿದ್ದರೆ ಮಾತ್ರ ಲಾಭ. ಮೇ ತಿಂಗಳ ಸ್ಟೇಟ್‌ಮೆಂಟ್ ತೆಗೆದು ನೋಡಿ. ನೆರೂಳಿನವರು ಪುಣೆಗೆ ಬರುವ ಎಕ್ಸ್‌ಪ್ರೆಸ್‌ವೇಯಲ್ಲಿ ಈ ಪಾಸ್ ನಡೆಯುವುದೂ ಇಲ್ಲ, ಅದು ರಾಜ್ಯದ್ದು.

ಕೋಥರೂಡ್_ಕಾಕಾ (ರಾತ್ರಿ 9:55)

ಮಾರಿಬಿಡಿ ಅಂದವನೇ ಈಗ ಟೋಲ್ ಲೆಕ್ಕ ಹಾಕಿಕೊಡುತ್ತಿದ್ದಾನೆ. ದಾರಿಗೆ ಬಂದ.

ತಂಗಿ, ಬರುವಾಗ ಪುಣೆ ಹತ್ತಿರದ ಕಾತ್ರಜ್ ಹೊಸ ಬೋಗದಾ (ಸುರಂಗ) ದಾಟಿದ ಮೇಲೆ ನವಲೆ ಪುಲದವರೆಗೆ ಉದ್ದಕ್ಕೂ ಇಳಿಜಾರು. ಅಲ್ಲಿ ಗಾಡಿ ನ್ಯೂಟ್ರಲ್‌ಗೆ ಹಾಕಬೇಡ. ಲಾರಿಯವರು ಡೀಸೆಲ್ ಉಳಿಸಲು ಹಾಗೇ ಬಿಡುತ್ತಾರೆ, ಬ್ರೇಕ್ ಕಾದು ಹಿಡಿಯುವುದಿಲ್ಲ, ಮುಂದಿದ್ದವರ ಮೇಲೆ ಏರುತ್ತಾರೆ. ಎಷ್ಟು ಜನ ಸತ್ತಿದ್ದಾರೆ ಅಲ್ಲಿ.

ಪಿಂಪಳೆ_ಪ್ರಯಾಣಿಕ (ರಾತ್ರಿ 10:04)

ಕಾರಿಗೆ ನ್ಯೂಟ್ರಲ್ ಹಾಕಿದರೆ ಪೆಟ್ರೋಲ್ ಉಳಿಯುತ್ತದಲ್ಲ ಕಾಕಾ. ನಮ್ಮ ಅಪ್ಪ ಖಂಬಾಟ್ಕಿ ಘಾಟಿಯಲ್ಲಿ ಯಾವಾಗಲೂ ಹಾಗೇ ಇಳಿಸುತ್ತಿದ್ದರು.

ಸ್ಪ್ಯಾನರ್_14 (ರಾತ್ರಿ 10:11)

ಅಪ್ಪನ ಕಾಲದ ಕಾರ್ಬ್ಯುರೇಟರ್ ಗಾಡಿಗೆ ಅದು ಇರಬಹುದು. ಈಗಿನ ಇಂಜಿನ್ನಿನಲ್ಲಿ ಗೇರ್‌ನಲ್ಲಿದ್ದು ಆಕ್ಸಿಲೇಟರ್ ಬಿಟ್ಟರೆ ಕಂಪ್ಯೂಟರ್ ಪೆಟ್ರೋಲನ್ನೇ ನಿಲ್ಲಿಸುತ್ತದೆ, ಚಕ್ರವೇ ಇಂಜಿನ್ ತಿರುಗಿಸುತ್ತದೆ. ನ್ಯೂಟ್ರಲ್‌ನಲ್ಲಿ ಇಂಜಿನ್ ಆರದ ಹಾಗೆ ಪೆಟ್ರೋಲ್ ಸುಡಲೇಬೇಕು. ಅಂದರೆ ನೀವು ಉಳಿಸುತ್ತಿಲ್ಲ, ಖರ್ಚು ಮಾಡುತ್ತಿದ್ದೀರಿ, ಮೇಲೆ ಬ್ರೇಕನ್ನೂ ಸುಡುತ್ತಿದ್ದೀರಿ.

ಪಿಂಪಳೆ_ಪ್ರಯಾಣಿಕ (ರಾತ್ರಿ 10:15)

ಇವತ್ತು ನನ್ನ ದಿನವೇ ಸರಿಯಿಲ್ಲ.

ಜೋಳದರೊಟ್ಟಿ_ವಾಕಡ್ (ಹಬ್ಬದ ನಂತರದ ಸೋಮವಾರ, ರಾತ್ರಿ 9:50)

ಹೋಗಿ ಬಂದೆವು. ವರದಿ ಒಪ್ಪಿಸುತ್ತಿದ್ದೇನೆ.

ಸರ್ವಿಸ್ ಸೆಂಟರಿನಲ್ಲಿ ಪಟ್ಟಿ ಮುಂದಿಟ್ಟು ಒಂದೊಂದೇ ಗೆರೆ ಹೊಡೆದೆ. ಆಯಿಲ್, ಬ್ರೇಕ್ ಆಯಿಲ್, ಕೂಲಂಟ್ ಉಳಿಸಿದೆ, ಲೇಬರ್ 1,500ಕ್ಕೆ ಇಳಿಯಿತು. ಒಟ್ಟು 7,700. ಅಡ್ವೈಸರ್ "ಸಾಹೇಬರು ಹೇಳಿದರಾ?" ಅಂದ. "ಸ್ಪ್ಯಾನರ್ ಸಾಹೇಬರು" ಅಂದೆ. ಹಿಂದಿನ ಡ್ರಮ್ ಬಿಚ್ಚಿಸಿದಾಗ ಒಳಗೆ ಒಣಗಿದ ಕೆಸರು ಸಿಕ್ಕಿತು, ಬೇರಿಂಗ್ ಸರಿ ಇದೆ. ಬ್ಯಾಟರಿ ಅಳೆಸಿದರೆ 11.9, ಚಾರ್ಜ್ ಮಾಡಿಸಿದರೂ ನಿಲ್ಲಲಿಲ್ಲ. ಹೊರಗೆ 4,700ಕ್ಕೆ ಹೊಸದು. ವೈಪರ್ 450. ಟೈರ್ ನಾಲ್ಕಕ್ಕೆ 16,800, ಅಲೈನ್‌ಮೆಂಟ್ ಅವರೇ ಮಾಡಿಕೊಟ್ಟರು. ಕೂಡಿಸಿ ನೋಡಿ: 29,650. ಉಳಿಸಲು ಹೋಗಿ 1,850 ಜಾಸ್ತಿ ಖರ್ಚು ಮಾಡಿ ಬಂದಿದ್ದೇನೆ.

ಖಂಬಾಟ್ಕಿ ಏರುವಾಗ ಒಂದೂವರೆ ಗಂಟೆ ಟ್ರಾಫಿಕ್. ಎಷ್ಟೋ ಕಾರು ಬಾನೆಟ್ ತೆಗೆದುಕೊಂಡು ಬದಿಗೆ ನಿಂತಿದ್ದವು. ನಮ್ಮದರ ಕೂಲಂಟ್ ಬಿಸಿ ತೋರಿಸುವ ಮುಳ್ಳು ಅಲುಗಾಡಲಿಲ್ಲ. ಬಾನೆಟ್ ಒಳಗಿದ್ದ ಕಾಕಾನ ತಂಬಾಕಿನ ಗಂಟು ಕಾದು, ಒಳಗೆಲ್ಲ ಬೀಡಿ ಅಂಗಡಿ ವಾಸನೆ. ಮಗಳು ಮೂಗು ಮುಚ್ಚಿಕೊಂಡೇ ಸತಾರಾ ದಾಟಿದಳು.

ಆರ್‌ಟಿಒಗೆ ಹೋಗಲಾಗಲಿಲ್ಲ, ರಜೆ ಸಿಗಲಿಲ್ಲ. ಮಾವನವರು ಕಾರಿನ ಸುತ್ತ ಎರಡು ಸುತ್ತು ಹಾಕಿದರು. ಟೈರಿಗೆ ಒಂದೊಂದು ಒದ್ದರು, ಬಗ್ಗಿ ಅಂಕಿ ಓದಿದರು, ಈ ಅಂಕಿ ವಿಷಯ ಅವರಿಗೆ ಮೊದಲೇ ಗೊತ್ತಿತ್ತಂತೆ! ಏನೂ ಅನ್ನದೆ ಡಿಕ್ಕಿ ತೆಗೆದು, ಕೆಳಗಿನ ಹಲಗೆ ಎತ್ತಿ ನೋಡಿ, "ಸ್ಟೆಪ್ನಿ ಹಳೇದ ಬಿಟ್ಟೀಯೇನವಾ?" ಅಂದರು.

ಸ್ಪ್ಯಾನರ್_14 (ರಾತ್ರಿ 9:58)

ಅಂಕಿ ಎಷ್ಟು?

ಜೋಳದರೊಟ್ಟಿ_ವಾಕಡ್ (ರಾತ್ರಿ 10:01)

4216. ಅದರ ಮೇಲೆ ಹತ್ತು ಕಿಲೋ ಜೋಳದ ಹಿಟ್ಟು ಇಟ್ಟುಕೊಂಡು ಬಂದೆವು.